ಆ ನೀರು ಗೊತ್ತಿದ್ದವರನ್ನು ಕರೆದುಕೊಂಡು ಹೋಗಿ

ಎಲ್ಲರಿಗೂ ನಮಸ್ಕಾರ. ಗಾಳ ಹಾಕಲು ಹೋಗುವಾಗ ದುಡ್ಡು ಕೊಟ್ಟು ಗೈಡ್ ಒಬ್ಬರನ್ನು ಕರೆದುಕೊಂಡು ಹೋಗಬೇಕಾ, ಬೇಡವಾ? ಉತ್ತರ ಮೊದಲೇ ಹೇಳಿಬಿಡುತ್ತೇನೆ. ನಿಮಗೆ ಆ ನೀರು ಹೊಸದಾದರೆ ಬೇಕೇ ಬೇಕು. ನೀವು ಎಷ್ಟು ವರ್ಷದಿಂದ ಗಾಳ ಹಾಕುತ್ತಿದ್ದೀರಿ ಅನ್ನೋದು ಲೆಕ್ಕಕ್ಕೇ ಬರೋಲ್ಲ. ಆ ನೀರು ಗೊತ್ತಾ? ಇದೊಂದೇ ಪ್ರಶ್ನೆ.

ದಾವಣಗೆರೆಯಿಂದ ಭಾನುವಾರ ಬೆಳಿಗ್ಗೆ ಬೈಕ್ ಹತ್ತಿ ಸೂಳೆಕೆರೆಗೋ ಹರಿಹರದ ಹೊಳೆಗೋ ಹೊರಡುವ ಹುಡುಗರಿಗೆ ಈ ಮಾತು. ನಾಲ್ಕೈದು ಸಾವಿರ ಕೊಟ್ಟು ರಾಡು, ರೀಲು ಆನ್‌ಲೈನಲ್ಲಿ ತರಿಸುತ್ತೀರಿ. ಅಲ್ಲಿನ ಮೀನುಗಾರರಿಗೆ ಅರ್ಧ ದಿನದ ಕೂಲಿ ಕೊಡ್ರಪ್ಪ ಅಂದರೆ 'ಸುಮ್ನೆ ಯಾಕೆ ಖರ್ಚು ಸಾರ್' ಅನ್ನುತ್ತೀರಿ. ಸುಮ್ನೆ ಅಲ್ಲ ಅದು. ರಾಡು ಮೀನನ್ನು ಎಳೆಯುತ್ತೆ, ಮೀನು ಎಲ್ಲಿದೆ ಅಂತ ಹೇಳೋಲ್ಲ.

ನನಗೇ ಆಗಿದ್ದು ಹೇಳುತ್ತೇನೆ. ಹರಿಹರದ ಹತ್ತಿರ ತುಂಗಭದ್ರೆಯಲ್ಲಿ ಹತ್ತು ವರ್ಷ ಗಾಳ ಹಾಕಿ ಕೈ ಪಳಗಿದ ಮೇಲೆ ಮೊದಲ ಸಲ ಸೂಳೆಕೆರೆಗೆ ಹೋದೆ. ಕೆರೆ ಗುತ್ತಿಗೆ ಹಿಡಿದವರು ಒಪ್ಪಿಗೆ ಕೊಟ್ಟು, ಜೊತೆಗೆ ತೆಪ್ಪ ನಡೆಸುವ ಒಬ್ಬ ಅಜ್ಜನನ್ನು ಕಳಿಸಿದರು. ಏರಿ ಹತ್ತಿರ ನೀರು ಆಳ ಇದೆ, ಅಲ್ಲೇ ಕೂರೋಣ ಅಂದೆ. ದೊಡ್ಡ ಮೀನು ಮಡುವಿನಲ್ಲಿ ಇರುತ್ತೆ ಅಂತ ಹೊಳೆಯಲ್ಲಿ ಕಲಿತಿದ್ದೆ. ಅಜ್ಜ ಏನೂ ಹೇಳಲಿಲ್ಲ. ಹುಬ್ಬಿಗೆ ಕೈ ಅಡ್ಡ ಹಿಡಿದು ನೀರು ನೋಡುತ್ತಾ ಜೊಂಡು ಬೆಳೆದ ಅಂಚಿನ ಕಡೆ ನಡೆದರು. ಅಲ್ಲಿ ಸೊಂಟದುದ್ದವೂ ನೀರಿಲ್ಲ. 'ತಮ್ಮಾ, ಗುಳ್ಳೆ ನೋಡು' ಅಂದರು. ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳು ಒಂದರ ಹಿಂದೆ ಒಂದು ಏಳುತ್ತಿದ್ದವು, ಆ ಸಾಲು ನಿಧಾನಕ್ಕೆ ಮುಂದೆ ಸರಿಯುತ್ತಿತ್ತು. ಗೆಂಡೆ ಮೀನು ಕೆಸರಿಗೆ ಮೂತಿ ಹಾಕಿ ಮೇಯುವಾಗ ಹಾಗೇ ಗುಳ್ಳೆ ಏಳುತ್ತೆ. ಒಂದೇ ಜಾಗದಲ್ಲಿ ಬುಳಬುಳ ಅಂದು ನಿಂತುಹೋದರೆ ಅದು ಕೆಸರೊಳಗಿನ ಗಾಳಿ, ಅಷ್ಟೇ. ಅಜ್ಜ ನನ್ನ ಸೀಸದ ಗುಂಡು ಬಿಚ್ಚಿಸಿದರು. ಜೋಳದ ದಂಟಿನ ಬೆಂಡು ಕಟ್ಟಿ, ಕೊಕ್ಕೆಗೆ ಎರೆಹುಳು ಚುಚ್ಚಿ, ಗುಳ್ಳೆ ಸಾಲಿಗಿಂತ ಒಂದು ಮಾರು ಮುಂದೆ ಬಿಡಿಸಿದರು. ಬೆಂಡು ಎರಡು ಸಲ ಅಲ್ಲಾಡಿತು. ಎಳೆಯಲು ಹೋದೆ, ಅಜ್ಜ ನನ್ನ ಮಣಿಕಟ್ಟು ಹಿಡಿದುಕೊಂಡರು. ಬೆಂಡು ಅಡ್ಡಕ್ಕೆ ಸರ್ರನೆ ಹೋದಾಗ ಕೈ ಬಿಟ್ಟರು. ಎರಡು ಕೆಜಿ ಮೇಲಿತ್ತು ಆ ಗೆಂಡೆ!

ಸ್ವಲ್ಪ ಮುಂದೆ ನೀರಿನ ಮೇಲೆ ಕೆಂಪಗೆ ಏನೋ ಕುದಿಯುತ್ತಿರೋ ಹಾಗೆ ಕಂಡಿತು. ಕೊರವ ಮೀನಿನ ಮರಿಗಳು, ನೂರಾರು. ಅಡಿಯಲ್ಲಿ ತಂದೆ ತಾಯಿ ಕಾವಲು ಇರುತ್ತವೆ, ಮರಿಗಳ ಹತ್ತಿರ ಏನೇ ಬಿದ್ದರೂ ನುಗ್ಗಿ ಬಂದು ಕಚ್ಚುತ್ತವೆ. ಹಿಡಿಯೋದು ಬಹಳ ಸುಲಭ. ನಾನು ಬಾಯಿ ತೆಗೆಯೋ ಮೊದಲೇ 'ಅದನ್ನ ಮುಟ್ಟಬಾರದು ತಮ್ಮಾ, ದೊಡ್ಡದನ್ನ ತೆಗೆದರೆ ಈ ಮರಿ ಅಷ್ಟೂ ಬೇರೆ ಮೀನಿನ ಹೊಟ್ಟೆಗೆ' ಅಂದು ದೂರದಿಂದ ಸುತ್ತು ಹಾಕಿಸಿದರು. ಆ ಅಜ್ಜನನ್ನು ನೆನೆದು ಈಗಲೂ ಕೈ ಮುಗಿಯುತ್ತೇನೆ.

ಕಾಟ್ಲಾ ಮೇಲ್ನೀರಲ್ಲಿ, ರೋಹು ನಡುನೀರಲ್ಲಿ, ಮೃಗಾಲ್ ತಳದಲ್ಲಿ ಮೇಯುತ್ತೆ. ಇಷ್ಟನ್ನು ನಾನು ಇಲ್ಲೇ ಕೂತು ಹೇಳಬಲ್ಲೆ. ನೀವು ನಿಂತ ಜಾಗದಲ್ಲಿ ಎಷ್ಟು ಆಳ, ಅಡಿಯಲ್ಲಿ ಕಲ್ಲಾ ಕೆಸರಾ, ಅದನ್ನು ಅಲ್ಲಿನವರೇ ಹೇಳಬೇಕು. ಹಿರಿಯೂರಿನ ಮಾರಿಕಣಿವೆ ತಗೊಳ್ಳಿ, ಅದೇ ವಾಣಿವಿಲಾಸ ಸಾಗರ. 1907ರಲ್ಲಿ ವೇದಾವತಿಗೆ ಕಟ್ಟಿ ಮುಗಿಸಿದ ಡ್ಯಾಂ. 1933ರಲ್ಲಿ ಕೋಡಿ ಬಿದ್ದಿತ್ತು, ಮತ್ತೆ ಬಿದ್ದಿದ್ದು 2022ರಲ್ಲಿ, 89 ವರ್ಷ ಆದ ಮೇಲೆ. ಎಷ್ಟೋ ವರ್ಷ ನೀರು ಮುಟ್ಟದ ಅಂಚಿನಲ್ಲಿ ಗಿಡ ಮರ ಬೆಳೆದಿದ್ದವು, ಜನ ತೋಟ ಮಾಡಿದ್ದರು, ಅವಕ್ಕೆಲ್ಲ ನೀರು ನುಗ್ಗಿತು. ದಡದಲ್ಲಿ ನಿಂತವರಿಗೆ ಕಾಣೋದು ಬರೀ ನೀರು. ಕೆಳಗೆ ಮರದ ಬುಡ ಇರಬಹುದು, ಬೇಲಿ ತಂತಿ ಇರಬಹುದು, ಗುಂಡಿ ಇರಬಹುದು. ಗಾಳ ಸಿಕ್ಕಿಕೊಂಡರೆ ಹುಡುಗರು ಅದನ್ನು ಬಿಡಿಸೋಕೆ ಅಂತ ನೀರಿಗೇ ಇಳಿಯುತ್ತಾರೆ. ದಯವಿಟ್ಟು ಇಳಿಯಬೇಡಿ. ನೂಲು ಕತ್ತರಿಸಿಬಿಡಿ. ಹೋದರೆ ಒಂದು ಕೊಕ್ಕೆ ಹೋಗುತ್ತೆ ಅಷ್ಟೇ ಅಲ್ವಾ? ಅದಕ್ಕೇ ಮತ್ತೆ ಮತ್ತೆ ಹೇಳುತ್ತಿದ್ದೇನೆ, ಆ ನೀರು ಗೊತ್ತಿದ್ದವರು ಪಕ್ಕದಲ್ಲಿರಲಿ.

ಸ್ಟುಡಿಯೋ ಗಾಜಿನ ಆಚೆಯಿಂದ ಟೈಮ್ ಆಯ್ತು ಅಂತ ತೋರಿಸುತ್ತಿದ್ದಾರೆ, ಉಳಿದಿದ್ದು ಬೇಗ ಹೇಳುತ್ತೇನೆ. ಗುತ್ತಿಗೆ ಕೆರೆಯಲ್ಲಿ ಮೀನುಮರಿ ಬಿಟ್ಟು ಸಾಕಿರುತ್ತಾರೆ. ಕೇಳದೆ ಗಾಳ ಹಾಕೋದು ಅಂದರೆ ಇನ್ನೊಬ್ಬರ ತೋಟಕ್ಕೆ ನುಗ್ಗಿ ಕಾಯಿ ಕಿತ್ತ ಹಾಗೆ. ಅವರ ಕಡೆಯವರನ್ನೇ ಗೈಡ್ ಮಾಡಿಕೊಂಡರೆ ಒಪ್ಪಿಗೆಯೂ ಅಲ್ಲೇ ಸಿಗುತ್ತೆ. ದುಡ್ಡು ಮೊದಲೇ ಮಾತಾಡಿಕೊಳ್ಳಿ, ಮೀನು ಸಿಗದಿದ್ದರೂ ಪೂರ್ತಿ ಕೊಡಿ. ತೆಪ್ಪ ಹತ್ತುವುದಾದರೆ ಲೈಫ್ ಜಾಕೆಟ್ ಇಲ್ಲದೆ ಹತ್ತಬೇಡಿ, ಈಜು ಬಂದರೂ ಸರಿ. ಹತ್ತು ಕೆಜಿ ಹಿಡಿಸಿಯೇ ಕೊಡ್ತೀನಿ ಅನ್ನುವವರನ್ನು ಬಿಡಿ, 'ಇವತ್ತು ಗಾಳಿ ಸರಿಯಿಲ್ಲ, ನಾಳೆ ಬನ್ನಿ' ಅನ್ನುವವರು ಸಿಕ್ಕರೆ ಬಿಡಲೇಬೇಡಿ. ಮಾರ್ಚ್ ತಿಂಗಳ ನೀರು ಬೇರೆ, ಮಳೆಗಾಲ ಮುಗಿದ ಮೇಲಿನ ನೀರು ಬೇರೆ, ಹಾಗಾಗಿ ಎರಡು ಕಾಲದಲ್ಲೂ ಒಂದೊಂದು ಸಲ ಜೊತೆಗೆ ಹೋಗಿ, ಆಮೇಲೆ ಒಬ್ಬರೇ ಹೋದರೂ ಪರವಾಗಿಲ್ಲ.

ಇಂಥವರು ಎಲ್ಲಿ ಸಿಗುತ್ತಾರೆ ಅಂತ ತುಂಬಾ ಜನ ಕೇಳುತ್ತಾರೆ. ರಾತ್ರಿ ಬಿಟ್ಟ ಬಲೆ ಎತ್ತಿಕೊಂಡು ಬೆಳಿಗ್ಗೆ ತೆಪ್ಪಗಳು ದಡಕ್ಕೆ ಬರುತ್ತವಲ್ಲ, ಆ ಹೊತ್ತಿಗೆ ಹೋಗಿ ನಿಲ್ಲಿ. ಅವರು ಮೀನು ತೂಗಿ ಮುಗಿಸುವ ತನಕ ಕಾಯಿರಿ. ಆಮೇಲೆ ಮಾತಾಡಿಸಿ. ನಮಸ್ಕಾರ.