ಮಗುವಿನ ಸಿರಪ್: ಎಷ್ಟು ಎಂಎಲ್?

ಕೇಳುಗರಿಗೆ ನಮಸ್ಕಾರ.

"ಪಕ್ಕದ ಮನೆ ಮಗುವಿಗೆ 5 ಎಂಎಲ್ ಅಂತೆ, ನಮ್ಮ ಪುಟ್ಟಿಗೆ ಯಾಕೆ ಎರಡೂವರೆ?" ಮೆಡಿಕಲ್ ಶಾಪ್ ಮುಂದೆ ಈ ಪ್ರಶ್ನೆ ಕೇಳಿಬರುತ್ತಲೇ ಇರುತ್ತದೆ. ಡಾಕ್ಟರು ಮೊದಲು ಲೆಕ್ಕ ಹಾಕುವುದು ಮಿಲಿಗ್ರಾಂನಲ್ಲಿ, ಅದೂ ಮಗುವಿನ ತೂಕ ನೋಡಿ. ಎಂಎಲ್ ಬರುವುದು ಆಮೇಲೆ, ಬಾಟಲಿ ನೋಡಿದ ಮೇಲೆ.

ಉದಾಹರಣೆಗೆ ಅಜಿಥ್ರೋಮೈಸಿನ್ ಅನ್ನುವ ಆಂಟಿಬಯೋಟಿಕ್ ನೋಡೋಣ. ಸಾಮಾನ್ಯವಾಗಿ ಕೆಜಿಗೆ 10 ಮಿಲಿಗ್ರಾಂ, ದಿನಕ್ಕೆ ಒಂದೇ ಸಲ. 10 ಕೆಜಿ ಮಗುವಿಗೆ 100 ಮಿಲಿಗ್ರಾಂ ಆಯ್ತು. ಆದರೆ ಈ ಸಿರಪ್ ಅಂಗಡಿಯಲ್ಲಿ ಎರಡು ಥರ ಸಿಗುತ್ತದೆ, 5 ಎಂಎಲ್‌ನಲ್ಲಿ 100 ಮಿಲಿಗ್ರಾಂ ಇರುವುದು ಒಂದು, 200 ಇರುವುದು ಇನ್ನೊಂದು. ಮೊದಲನೆಯದಾದರೆ 5 ಎಂಎಲ್, ಎರಡನೆಯದಾದರೆ ಎರಡೂವರೆ. ಚೀಟಿಯಲ್ಲಿ 100ರದ್ದು ಬರೆದಿದ್ದು, ಅಂಗಡಿಯವರು "ಅದು ಸ್ಟಾಕ್ ಇಲ್ಲ" ಅಂತ 200ರದ್ದು ಕೊಟ್ಟು, ನೀವು ಮನೆಗೆ ಬಂದು ಚೀಟಿ ನೋಡಿಕೊಂಡು 5 ಎಂಎಲ್ಲೇ ಕುಡಿಸಿದರೆ ಡಬಲ್ ಡೋಸ್ ಆಗಿಹೋಯಿತು ಅಲ್ವಾ? ಬಾಟಲಿ ಬದಲಾದರೆ ಎಷ್ಟು ಎಂಎಲ್ ಅಂತ ಅಲ್ಲೇ ಮತ್ತೆ ಕೇಳಿ. ಸಂಕೋಚ ಬೇಡ.

ಔಷಧಿ ಬದಲಾದರೂ, ಕಾಯಿಲೆ ಬದಲಾದರೂ ಲೆಕ್ಕ ಬದಲಾಗುತ್ತದೆ. ನ್ಯುಮೋನಿಯಾಕ್ಕೆ ಅಮಾಕ್ಸಿಸಿಲಿನ್ ಅನ್ನುವ ಇನ್ನೊಂದು ಆಂಟಿಬಯೋಟಿಕ್ ಕೊಡುವಾಗ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಂದು ಸಲಕ್ಕೆ ಕೆಜಿಗೆ 40 ಮಿಲಿಗ್ರಾಂ, ದಿನಕ್ಕೆ ಎರಡು ಸಲ. ಅದೇ 10 ಕೆಜಿ ಮಗುವಿಗೆ 400 ಮಿಲಿಗ್ರಾಂ, ಅಂದರೆ 5 ಎಂಎಲ್‌ಗೆ 250 ಇರುವ ಬಾಟಲಿಯಲ್ಲಿ 8 ಎಂಎಲ್. "ಅಬ್ಬಾ, ಇಷ್ಟೊಂದಾ!" ಅಂತ ಸುಮ್ನೆ ಅರ್ಧಕ್ಕೆ ಇಳಿಸಬೇಡಿ, ಅನುಮಾನ ಇದ್ದರೆ ಬರೆದುಕೊಟ್ಟವರನ್ನೇ ಕೇಳಿ.

ಇನ್ನು ಡ್ರೈ ಸಿರಪ್ಪು. ಬಾಟಲಿಯಲ್ಲಿ ಬರೀ ಪುಡಿ ಇರುತ್ತದೆ, ಕುದಿಸಿ ಆರಿಸಿದ ನೀರನ್ನು ಗೆರೆಯವರೆಗೆ ಹಾಕಬೇಕು. ಮೊದಲು ಸ್ವಲ್ಪ ಹಾಕಿ ಕುಲುಕಿ. ನೊರೆ ಏಳುತ್ತದೆ, ಗೆರೆ ಸರಿಯಾಗಿ ಕಾಣುವುದಿಲ್ಲ. ನೊರೆ ಇಳಿಯಲಿ, ಆಮೇಲೆ ಉಳಿದ ನೀರು ಹಾಕಿ. ನೀರು ಜಾಸ್ತಿಯಾದರೆ ಔಷಧಿ ತೆಳುವಾಗುತ್ತದೆ, ಡಾಕ್ಟರ ಲೆಕ್ಕವೆಲ್ಲ ನೀರುಪಾಲು. ಪ್ರತಿ ಸಲ ಕುಡಿಸುವ ಮೊದಲೂ ಕುಲುಕಿ, ಇಲ್ಲದಿದ್ದರೆ ಪುಡಿ ತಳದಲ್ಲೇ ಕೂತಿರುತ್ತದೆ. ಅಡುಗೆಮನೆ ಚಮಚ ಬೇಡ, ಒಂದೊಂದು ಒಂದೊಂದು ಸೈಜು. ಬಾಟಲಿ ಜೊತೆ ಬರುವ ಗೆರೆಯ ಮುಚ್ಚಳ, ಇಲ್ಲ ಸೂಜಿ ಇಲ್ಲದ ಸಿರಿಂಜ್ ಸಾಕು.

ಡಾಕ್ಟರ ಹತ್ತಿರ ಹೋದಾಗ ತಾಯಿ ಕಾರ್ಡಿನಲ್ಲಿರುವ ಹಳೇ ತೂಕ ಹೇಳಬೇಡಿ, ಮಗುವನ್ನು ಅಲ್ಲೇ ತೂಗಿಸಿ.