ಸೈಕಾಲಜಿ ಓದುವವರೇ, ಪಟ್ಟಿಯ ಕೆಳಗಿನ ಸಾಲು ಬಿಡಬೇಡಿ

ನಮಸ್ಕಾರ. ಡಿಗ್ರಿಯಲ್ಲಿ ಸೈಕಾಲಜಿ ತಗೊಂಡವರಿಗೆ ಈ ವಿಡಿಯೋ. ಮಾನಸಿಕ ಕಾಯಿಲೆಗಳ ಅಧ್ಯಾಯ ಶುರುವಾದ ವಾರದಲ್ಲೇ ಅರ್ಧ ಕ್ಲಾಸಿಗೆ ಏನಾದರೊಂದು ಕಾಯಿಲೆ ಬಂದಿರುತ್ತದೆ. ಒಬ್ಬಳಿಗೆ ಗೀಳಿನ ಕಾಯಿಲೆ ಓಸಿಡಿ, ಪಕ್ಕದವನಿಗೆ ಗಮನ ನಿಲ್ಲದ ಎಡಿಎಚ್‌ಡಿ. ಹಿಂದಿನ ಬೆಂಚಿನವರು ಸೇರಿ ಮೇಷ್ಟ್ರಿಗೂ ಒಂದು ಕೊಟ್ಟಿರುತ್ತಾರೆ. ಗಾಬರಿ ಬೇಡ, ಮೆಡಿಕಲ್ ಓದುವವರಿಗೂ ಹೀಗೇ ಆಗುತ್ತದೆ. ಲಕ್ಷಣಗಳ ಪಟ್ಟಿ ಓದುತ್ತೇವೆ, ಅಲ್ಲೇ ನಿಂತುಬಿಡುತ್ತೇವೆ. ಅದರ ಕೆಳಗೆ ಏನಿದೆ ಅಂತ ನೋಡುವುದೇ ಇಲ್ಲ.

[ಪರದೆಯ ಮೇಲೆ: ಎಡಿಎಚ್‌ಡಿ, ಡಿಎಸ್ಎಂ-5]

ಎಡಿಎಚ್‌ಡಿಯನ್ನೇ ತಗೊಳ್ಳಿ. ಅಮೆರಿಕದ ಮನೋವೈದ್ಯರ ಸಂಘ ಮಾನಸಿಕ ಕಾಯಿಲೆಗಳನ್ನು ಗುರುತಿಸಲು 2013ರಲ್ಲಿ ತಂದ ಕೈಪಿಡಿ ಡಿಎಸ್ಎಂ-5. ಅದರಲ್ಲಿ ಗಮನ ನಿಲ್ಲದಿರುವುದಕ್ಕೆ 9 ಲಕ್ಷಣ, ಚಡಪಡಿಕೆ ಮತ್ತು ದುಡುಕಿಗೆ ಇನ್ನೊಂದು 9. ವಸ್ತು ಕಳೆಯುವುದು, ಹೇಳಿದ್ದು ಮರೆಯುವುದು, ಕೂತಲ್ಲಿ ಕೂರಲಾಗದೆ ಒದ್ದಾಡುವುದು. ಇವೆಲ್ಲ ಯಾರಿಗಿಲ್ಲ ಹೇಳಿ?

ಈಗ ಕೆಳಗೆ ಬನ್ನಿ. 17 ತುಂಬಿದವರಲ್ಲಿ ಒಂದು ಗುಂಪಿನ 5 ಲಕ್ಷಣವಾದರೂ 6 ತಿಂಗಳಿಂದ ಇರಬೇಕು. 12 ವರ್ಷಕ್ಕೆ ಮೊದಲೇ ಕೆಲವು ಕಾಣಿಸಿರಬೇಕು. ಮನೆ, ಕಾಲೇಜು ಹೀಗೆ ಎರಡು ಕಡೆಯಾದರೂ ಕಾಣಬೇಕು. ಓದಿಗೋ ಕೆಲಸಕ್ಕೋ ಒಡನಾಟಕ್ಕೋ ನಿಜಕ್ಕೂ ತೊಡಕಾಗಿರಬೇಕು. ರಾತ್ರಿ ಎರಡರವರೆಗೆ ರೀಲ್ಸ್ ನೋಡಿ, ಬೆಳಿಗ್ಗೆ ಪಾಠ ತಲೆಗೆ ಹತ್ತಲಿಲ್ಲ ಅಂದ್ರೆ ಅದು ನಿದ್ದೆಗೇಡು, ಅಷ್ಟೇ. ಆದರೆ ಕೆಳಗಿನ ಸಾಲುಗಳೂ ನಿಮಗೆ ಹೊಂದುತ್ತಿದ್ದರೆ ಇಂಟರ್ನೆಟ್ಟಿನಲ್ಲಿ ಟೆಸ್ಟ್ ಹುಡುಕುತ್ತಾ ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಆ ‘ತೊಡಕಾಗಿರಬೇಕು’ ಅನ್ನುವ ಸಾಲಿನ ಹಿಂದೆ ದೊಡ್ಡ ಜಗಳವೇ ಇದೆ. 1973ರವರೆಗೆ ಡಿಎಸ್ಎಂನಲ್ಲಿ ಸಲಿಂಗಕಾಮವೂ ಒಂದು ಕಾಯಿಲೆ. ಹೋರಾಟಗಾರರು ಮನೋವೈದ್ಯರ ಸಮ್ಮೇಳನಕ್ಕೇ ನುಗ್ಗಿದರು. ಆಗ ರಾಬರ್ಟ್ ಸ್ಪಿಟ್ಜರ್ ಎಂಬ ಮನೋವೈದ್ಯರು ಒಂದು ಅಳತೆಗೋಲು ಮುಂದಿಟ್ಟರು. ಕಾಯಿಲೆ ಅನ್ನಬೇಕಾದರೆ ಆ ವ್ಯಕ್ತಿಗೆ ಅದರಿಂದ ಸಂಕಟ ಆಗಬೇಕು, ಇಲ್ಲವೇ ನಾಲ್ಕು ಜನರ ನಡುವೆ ಬದುಕಲು ಅಡ್ಡಿಯಾಗಬೇಕು. ಎಷ್ಟೋ ಗೇ, ಲೆಸ್ಬಿಯನ್ ಜನಕ್ಕೆ ಎರಡೂ ಇರಲಿಲ್ಲ. ಆ ಡಿಸೆಂಬರ್‌ನಲ್ಲಿ ಸಂಘ ಅದನ್ನು ಪಟ್ಟಿಯಿಂದ ತೆಗೆಯಿತು.

ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆಯ 3ನೇ ಸೆಕ್ಷನ್ನಿನಲ್ಲೂ ಇದರ ನೆರಳಿದೆ. ಸುತ್ತಲಿನವರ ನೀತಿ, ನಂಬಿಕೆಗೆ ಹೊಂದಿಕೊಳ್ಳುವುದಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಮಾನಸಿಕ ರೋಗಿ ಅನ್ನುವ ಹಾಗಿಲ್ಲ. ಪರೀಕ್ಷೆಯಲ್ಲಿ ಇದನ್ನು ಬರೆಯಿರಿ, ಜಾಸ್ತಿ ಜನ ಬರೆಯಲ್ಲ.

[ದೃಶ್ಯ: ಖಾಲಿ ಪರೀಕ್ಷಾ ಕೋಣೆ, ಫ್ಯಾನಿನ ಸದ್ದು]

ಈಗ ನ್ಯೂರೋಡೈವರ್ಸಿಟಿ. ಅಂದರೆ, ಒಬ್ಬೊಬ್ಬರ ಮಿದುಳು ಒಂದೊಂದು ಥರ ಕೆಲಸ ಮಾಡುತ್ತದೆ, ಬೇರೆ ಥರ ಇದ್ದ ಮಾತ್ರಕ್ಕೆ ಅದು ಕಾಯಿಲೆಯಲ್ಲ ಎಂಬ ವಿಚಾರ. ಈ ವಿಚಾರ ಬಲಿತದ್ದು 1990ರ ದಶಕದಲ್ಲಿ, ಆಟಿಸಂ (ಸ್ವಲೀನತೆ) ಇರುವವರೇ ಇಂಟರ್ನೆಟ್ಟಿನಲ್ಲಿ ಒಬ್ಬರಿಗೊಬ್ಬರು ಬರೆದುಕೊಳ್ಳುತ್ತಿದ್ದಾಗ. ತೊಡಕು ತೊಡಕು ಅಂತೀರಲ್ಲ, ಅದು ನಮ್ಮ ತಲೆಯಲ್ಲಿದೆಯೋ, ನೀವು ಮಾಡಿಟ್ಟ ವ್ಯವಸ್ಥೆಯಲ್ಲಿದೆಯೋ? ಅವರ ಪ್ರಶ್ನೆಯ ತಿರುಳು ಇದು.

ಈ ಕೋಣೆ ನೋಡಿ. ಟ್ಯೂಬ್‌ಲೈಟ್ ಗುಂಯ್ ಅನ್ನುತ್ತಿದೆ, ಫ್ಯಾನು ಕಟಕಟ, ಸೂಪರ್‌ವೈಸರ್ ಚಪ್ಪಲಿ ಟಪಟಪ. ನಿಮ್ಮಲ್ಲಿ ಎಷ್ಟೋ ಜನಕ್ಕೆ ಸ್ವಲ್ಪ ಹೊತ್ತಿಗೆ ಇವು ಕೇಳಿಸುವುದೇ ನಿಂತುಹೋಗುತ್ತದೆ. ಆಟಿಸಂ ಇರುವ ಹುಡುಗಿಗೆ ಮೂರು ಗಂಟೆಯೂ ಅಷ್ಟೇ ಜೋರಾಗಿ ಕೇಳಿಸುತ್ತಿರಬಹುದು. ಉತ್ತರ ಅವಳಿಗೆ ಗೊತ್ತು, ಪೆನ್ನು ಮುಂದೆ ಹೋಗುತ್ತಿಲ್ಲ. ಸದ್ದಿಲ್ಲದ ಕೋಣೆ ಕೊಟ್ಟರೆ ತೊಡಕು ಒಂದಷ್ಟು ಇಳಿಯುತ್ತದೆ. ಪೂರ್ತಿ ಹೋಗುತ್ತದೆ ಅಂತ ನಾನು ಹೇಳಲ್ಲ.

ಯಾಕೆಂದರೆ ಇಲ್ಲಿ ನನ್ನದೂ ಒಂದು ತಕರಾರಿದೆ. ಕಾಯಿಲೆ ಅನ್ನೋದೇ ಇಲ್ಲ, ಎಲ್ಲವೂ ಬರೀ ವೈವಿಧ್ಯ ಅಂತ ಕೆಲವರು ಸುಮ್ನೆ ಹೇಳಿಬಿಡುತ್ತಾರೆ. ಮಾತು ಬಾರದ, ದಿನವಿಡೀ ಒಬ್ಬರು ಜೊತೆಗಿರಲೇಬೇಕಾದ ಮಗನನ್ನು ಸಾಕುತ್ತಿರುವ ತಾಯಿಯ ಮುಂದೆ ಈ ಮಾತು ಆಡಿ ನೋಡೋಣ. ಅಂಥ ಮಕ್ಕಳು ಈ ಚರ್ಚೆಯಲ್ಲಿ ಮರೆಯಾಗಬಾರದು ಅಂತಲೇ 2021ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ ‘ಪ್ರೊಫೌಂಡ್ ಆಟಿಸಂ’ ಎಂಬ ಬೇರೆ ಹೆಸರು ಬಳಸಲು ಹೇಳಿತು. ಅದಕ್ಕೂ ವಿರೋಧ ಬಂತು, ಆ ವಾದ ಇನ್ನೂ ನಡೆಯುತ್ತಿದೆ. ಸ್ಕಿಜೋಫ್ರೇನಿಯಾ, ತೀವ್ರ ಖಿನ್ನತೆಗಳಲ್ಲಂತೂ ಡಾಕ್ಟರನ್ನು ಕೇಳದೆ ಮಾತ್ರೆ ಬಿಟ್ಟರೆ ಜೀವಕ್ಕೇ ಸಂಚಕಾರ ಬರಬಹುದು.

ಹಣೆಪಟ್ಟಿ ಬೇಡ ಅನ್ನುವವರಿಗೆ ಇನ್ನೊಂದು ಇಕ್ಕಟ್ಟಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಭಾಗಗಳಲ್ಲಿ ಆಟಿಸಂ, ಡಿಸ್ಲೆಕ್ಸಿಯಾದಂಥ ಕಲಿಕೆಯ ತೊಂದರೆ, ಮಾನಸಿಕ ಕಾಯಿಲೆ ಮೂರೂ ಇವೆ. ಎಡಿಎಚ್‌ಡಿಗೆ ಬೇರೆ ಜಾಗವಿಲ್ಲ. ವೈಕಲ್ಯ ಶೇ. 40ರಷ್ಟು ಅಥವಾ ಅದಕ್ಕಿಂತ ಜಾಸ್ತಿ ಅಂತ ಪ್ರಮಾಣಪತ್ರ ಇದ್ದವರಿಗೆ 3 ಗಂಟೆಯ ಪರೀಕ್ಷೆಗೆ ಕನಿಷ್ಠ 1 ಗಂಟೆ ಹೆಚ್ಚುವರಿ ಸಮಯ ಕೊಡಬಹುದು ಅಂತ 2018ರ ಕೇಂದ್ರ ಮಾರ್ಗಸೂಚಿ ಹೇಳಿತ್ತು. ಅಂಥ ಹೆಚ್ಚುವರಿ ಸಮಯ ಬೇಕೆಂದರೆ ಡಯಾಗ್ನೋಸಿಸ್ ಬೇಕೇ ಬೇಕು. ನಿಮಗೋ ಗೆಳೆಯರಿಗೋ ಇದು ಅನ್ವಯವಾಗುವುದಾದರೆ ಹಾಲ್ ಟಿಕೆಟ್ ಬರುವವರೆಗೂ ಕಾಯಬೇಡಿ. ಪ್ರಮಾಣಪತ್ರ ಕೈಗೆ ಬರಲು ಸಮಯ ಹಿಡಿಯುತ್ತದೆ, ಸೆಮಿಸ್ಟರ್ ಶುರುವಿನಲ್ಲೇ ಅರ್ಜಿ ಹಾಕಿ.