ನಮ್ಮದೇ ರಕ್ತದಿಂದ ಮಾಡಿದ ಔಷಧಿ

ಎಲ್ಲರಿಗೂ ನಮಸ್ಕಾರ.

ಕ್ಯಾನ್ಸರ್ ಅಂದರೆ ನಮಗೆ ಗೊತ್ತಿರುವ ಚಿಕಿತ್ಸೆ ಮೂರು. ಆಪರೇಷನ್, ಕೀಮೋ, ಮತ್ತೆ ನಮ್ಮ ಊರುಗಳಲ್ಲಿ ‘ಕರೆಂಟ್ ಕೊಡೋದು’ ಅನ್ನುವ ರೇಡಿಯೇಷನ್. ಇವತ್ತು ನಾನು ಹೇಳುವುದು ಬೇರೆ ಒಂದರ ಬಗ್ಗೆ. ಅದರ ಹೆಸರು ಕಾರ್-ಟಿ. ಈ ಔಷಧಿಯ ಕಚ್ಚಾ ಮಾಲು ರೋಗಿಯ ರಕ್ತದಲ್ಲೇ ಇದೆ.

ರಕ್ತದ ಬಿಳಿ ಕಣಗಳಲ್ಲಿ ಟಿ ಕೋಶ ಅಂತ ಒಂದು ಬಗೆ. ವೈರಸ್ ಹೊಕ್ಕ ಕೋಶವನ್ನು ಹುಡುಕಿ ಕೊಲ್ಲುವುದು ಅದರ ಕೆಲಸ. ಕ್ಯಾನ್ಸರ್ ಕೋಶವನ್ನೂ ಅದು ಕೊಲ್ಲಬಲ್ಲದು. ಆದರೆ ಕ್ಯಾನ್ಸರ್ ಹೊರಗಿನಿಂದ ಬಂದದ್ದಲ್ಲ, ಹಾದಿ ತಪ್ಪಿದ ನಮ್ಮದೇ ಕೋಶ. ಹಾಗಾಗಿ ಎಷ್ಟೋ ಸಲ ಪಕ್ಕದಲ್ಲೇ ಹಾದುಹೋದರೂ ಟಿ ಕೋಶಕ್ಕೆ ಗುರುತು ಸಿಗುವುದಿಲ್ಲ.

ಇಸ್ರೇಲಿನ ವಿಜ್ಞಾನಿ ಝೆಲಿಗ್ ಎಶ್ಹಾರ್ 1980ರ ದಶಕದ ಕೊನೆಯಲ್ಲಿ ಇದಕ್ಕೊಂದು ದಾರಿ ತೋರಿಸಿದರು. ಆಂಟಿಬಾಡಿ ಅಂದರೆ ರೋಗಾಣುವಿಗೆ ಅಂಟಿಕೊಳ್ಳುವ ರಕ್ತದ ಪ್ರೋಟೀನ್; ಗುರುತು ಹಿಡಿಯುವುದರಲ್ಲಿ ಅದು ಚುರುಕು. ಕೊಲ್ಲುವುದರಲ್ಲಿ ಟಿ ಕೋಶ ಗಟ್ಟಿ. ನರಸಿಂಹನಿಗೆ ತಲೆ ಸಿಂಹದ್ದು, ಮೈ ಮನುಷ್ಯನದು ಅಲ್ವಾ? ಹಾಗೆಯೇ ಆಂಟಿಬಾಡಿಯ ತುದಿಯನ್ನು ಟಿ ಕೋಶದ ಮೈಗೆ ಕೂಡಿಸಿದರು. ಕಾರ್-ಟಿ ಕೋಶ ಅನ್ನುವುದು ಇದನ್ನೇ.

ಈಗ ಆಸ್ಪತ್ರೆಯಲ್ಲಿ ನಡೆಯುವುದು ಹೀಗೆ. ಯಂತ್ರವೊಂದು ರೋಗಿಯ ರಕ್ತದಿಂದ ಬಿಳಿ ಕಣಗಳನ್ನು ಬೇರೆ ಮಾಡಿ, ಉಳಿದ ರಕ್ತವನ್ನು ವಾಪಸ್ ಕೊಡುತ್ತದೆ. ಲ್ಯಾಬಿನಲ್ಲಿ ಟಿ ಕೋಶಗಳಿಗೆ ಹೊಸ ಜೀನ್ ಸೇರಿಸುತ್ತಾರೆ. ಅದನ್ನು ಹೊತ್ತೊಯ್ಯಲು ಒಂದು ವೈರಸ್ ಬಳಸುತ್ತಾರೆ. ಹೆದರಬೇಡಿ, ಅದು ಮೈಯಲ್ಲಿ ಬೆಳೆಯದ ಹಾಗೆ ಮೊದಲೇ ಮಾಡಿರುತ್ತಾರೆ. ಆಮೇಲೆ ಆ ಕೋಶಗಳನ್ನು ಕೋಟಿಗಟ್ಟಲೆ ಬೆಳೆಸುತ್ತಾರೆ. ಬಿತ್ತುವ ಮುಂಚೆ ಹೊಲ ಹದ ಮಾಡಿದಂತೆ ರೋಗಿಗೆ ಕೆಲವು ದಿನ ಕೀಮೋ ಕೊಟ್ಟು, ನಂತರ ಕೋಶಗಳನ್ನು ಮೈಗೆ ಏರಿಸುತ್ತಾರೆ.

ನೋಡಲು ಸಣ್ಣ ಚೀಲ. ‘ಇಷ್ಟೇನಾ ಡಾಕ್ಟ್ರೇ?’ ಅಂತ ಮನೆಯವರು ಕೇಳುತ್ತಾರೆ. ಇಷ್ಟೇ ಅಲ್ಲ. ಮಾತ್ರೆ ಕರಗಿ ಮುಗಿಯುತ್ತದೆ. ಈ ಕೋಶಗಳು ಒಳಗೆ ಹೋದಮೇಲೆ ಹೆಚ್ಚುತ್ತಾ ಹೋಗುತ್ತವೆ. ಇದು ಬದುಕಿರುವ ಔಷಧಿ. ಇದರ ಶಕ್ತಿಯೂ ಅದೇ, ಅಪಾಯವೂ ಅದೇ.

ಎಮಿಲಿ ವೈಟ್‌ಹೆಡ್ ಎಂಬ ಅಮೆರಿಕದ ಹುಡುಗಿಯ ಕಥೆ ಹೇಳಲೇಬೇಕು. ರಕ್ತದ ಕ್ಯಾನ್ಸರ್. ಕೀಮೋ ಕೊಟ್ಟರೂ ಎರಡು ಸಲ ಮರಳಿ ಬಂದಿತ್ತು. 2012ರ ಏಪ್ರಿಲ್‌ನಲ್ಲಿ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ ಅವಳಿಗೆ ಈ ಕೋಶಗಳನ್ನು ಕೊಟ್ಟರು. ರಕ್ತದ ಕ್ಯಾನ್ಸರಿಗೆ ಈ ಚಿಕಿತ್ಸೆ ಪಡೆದ ಮೊದಲ ಮಗು ಅವಳು, ವಯಸ್ಸು ಆರು. ಕೆಲವೇ ದಿನದಲ್ಲಿ ಮೈ ಸುಡುವ ಜ್ವರ. ಬಿಪಿ ಕುಸಿಯಿತು. ವೆಂಟಿಲೇಟರ್ ಹಾಕಿದರು. ಅವಳು ಉಳಿಯುವ ಆಸೆ ತೀರಾ ಕಡಿಮೆ ಇತ್ತು. ಆಗ ರಕ್ತಪರೀಕ್ಷೆಯಲ್ಲಿ ಐಎಲ್-6 ಎಂಬ ಒಂದು ಪ್ರೋಟೀನ್ ವಿಪರೀತ ಏರಿದ್ದು ಕಂಡಿತು. ಎಮಿಲಿಗೆ ಕೊಟ್ಟ ಚಿಕಿತ್ಸೆಯನ್ನು ಬೆಳೆಸಿದ ವಿಜ್ಞಾನಿ ಕಾರ್ಲ್ ಜೂನ್ ಅವರ ಮಗಳಿಗೆ ಸಂಧಿವಾತ ಇತ್ತು. ಹಾಗಾಗಿ ಐಎಲ್-6 ತಡೆಯುವ ಸಂಧಿವಾತದ ಔಷಧಿಯೊಂದು ಅವರಿಗೆ ಗೊತ್ತಿತ್ತು, ಟೋಸಿಲಿಜುಮ್ಯಾಬ್. ಅದನ್ನು ಕೊಟ್ಟ ಕೆಲವೇ ಗಂಟೆಗಳಲ್ಲಿ ಜ್ವರ ಇಳಿಯತೊಡಗಿತು. ಎಮಿಲಿ ಕಣ್ಣು ಬಿಟ್ಟದ್ದು ತನ್ನ ಏಳನೇ ಹುಟ್ಟುಹಬ್ಬದ ದಿನ. ಕ್ಯಾನ್ಸರ್ ಹೋಗಿತ್ತು, ಮತ್ತೆ ಬರಲಿಲ್ಲ. ಒಬ್ಬ ಅಪ್ಪನಿಗೆ ಮನೆಯ ಕಷ್ಟದಿಂದ ಗೊತ್ತಿದ್ದ ಔಷಧಿ ಇನ್ನೊಬ್ಬರ ಮಗುವನ್ನು ಉಳಿಸಿತು. ಎಷ್ಟು ಸಲ ಹೇಳಿದರೂ ನನಗೆ ಇಲ್ಲಿ ಗಂಟಲು ಕಟ್ಟುತ್ತದೆ.

2017ರಲ್ಲಿ ಅಮೆರಿಕ ಈ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಾಗ ಔಷಧಿಯ ಬೆಲೆಯೇ 4,75,000 ಡಾಲರ್. ನಮ್ಮಲ್ಲಿ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್‌ನವರು ಸೇರಿ ಬೆಳೆಸಿದ ನೆಕ್ಸ್‌ಕಾರ್19ಗೆ 2023ರಲ್ಲಿ ಅನುಮತಿ ಸಿಕ್ಕಿತು. 2025ರಲ್ಲಿ ಬೆಂಗಳೂರಿನ ಇಮ್ಯುನೀಲ್ ಕಂಪನಿಯ ಕಾರ್ಟೆಮಿ ಬಂತು. ಇವುಗಳ ಬೆಲೆ ಅಮೆರಿಕಕ್ಕಿಂತ ತುಂಬಾ ಕಡಿಮೆ, ನಿಜ. ಆದರೂ ಲೆಕ್ಕ ಲಕ್ಷಗಳಲ್ಲೇ. ಒಬ್ಬ ರೈತ ಜಮೀನು ಮಾರಬೇಕಾದ ಮೊತ್ತ ಅದು. ಸರ್ಕಾರದ ಯೋಜನೆಗಳು ಇದನ್ನು ಪೂರ್ತಿ ಭರಿಸುವವರೆಗೆ ನಾವು ಕೇಳುತ್ತಲೇ ಇರಬೇಕು.

ಜಮೀನಿನ ಮಾತು ಬಂತು, ಹಾಗಾಗಿ ಇದನ್ನೂ ಹೇಳುತ್ತೇನೆ. ಈ ಚಿಕಿತ್ಸೆ ಎಲ್ಲ ಕ್ಯಾನ್ಸರಿಗೂ ಅಲ್ಲ. ನಮ್ಮಲ್ಲಿ ಬಂದ ಈ ಎರಡೂ ಔಷಧಿ ಹುಡುಕುವ ಗುರುತು ಸಿಡಿ19 ಎಂಬ ಪ್ರೋಟೀನ್. ಅದು ಬಿ ಕೋಶ ಎಂಬ ಇನ್ನೊಂದು ಬಗೆಯ ಬಿಳಿ ಕಣಗಳ ಮೇಲಿರುತ್ತದೆ. ಕ್ಯಾನ್ಸರ್ ಆದ ಬಿ ಕೋಶದ ಜೊತೆ ಒಳ್ಳೆಯ ಬಿ ಕೋಶವೂ ಸಾಯುತ್ತದೆ. ಅದು ಇಲ್ಲದೆಯೂ ಬದುಕಬಹುದು, ಬೇಕಾದವರಿಗೆ ಇಮ್ಯುನೊಗ್ಲಾಬ್ಯುಲಿನ್, ಅಂದರೆ ಆಂಟಿಬಾಡಿಗಳನ್ನೇ, ಕೊಡುತ್ತಾರೆ. ಆದರೆ ಶ್ವಾಸಕೋಶದ ಗಡ್ಡೆಯ ಗುರುತು ಒಳ್ಳೆಯ ಶ್ವಾಸಕೋಶದ ಮೇಲೂ ಇದ್ದರೆ? ಅದನ್ನು ಕಳೆದುಕೊಂಡು ಬದುಕಲು ಆಗುವುದಿಲ್ಲ. ಗಡ್ಡೆಯ ಕ್ಯಾನ್ಸರುಗಳಲ್ಲಿ ಕೆಲಸ ನಿಧಾನ ಆಗಿರುವುದಕ್ಕೆ ಇದೊಂದು ದೊಡ್ಡ ಕಾರಣ. ‘ಇಮ್ಯೂನ್ ಸೆಲ್ ಕೊಟ್ಟು ಯಾವ ಕ್ಯಾನ್ಸರನ್ನಾದರೂ ವಾಸಿ ಮಾಡುತ್ತೇವೆ’ ಅಂತ ಯಾರಾದರೂ ಹೇಳಿದರೆ, ಔಷಧಿಯ ಹೆಸರೇನು, ಅನುಮತಿ ಯಾವ ಕಾಯಿಲೆಗೆ ಅಂತ ಬರೆದುಕೊಡಲು ಹೇಳಿ. ಸುಮ್ನೆ ದುಡ್ಡು ಕಟ್ಟಬೇಡಿ.

ಕೊನೆಗೆ, ರೋಗಿಯ ಜೊತೆ ಇರುವವರಿಗೆ ಒಂದು ಮಾತು. ಎಮಿಲಿಗೆ ಬಂದ ಜ್ವರದ ಹಾಗೆಯೇ ಈ ಚಿಕಿತ್ಸೆಯಿಂದ ಕೆಲವರಿಗೆ ಮೆದುಳಿನ ಮೇಲೂ ಪರಿಣಾಮ ಆಗುತ್ತದೆ. ಬೇಗ ತಿಳಿದರೆ ಅದಕ್ಕೆ ಔಷಧಿ ಇದೆ. ಅದನ್ನು ಪತ್ತೆಹಚ್ಚಲು ದಿನವೂ ರೋಗಿಯಿಂದ ಒಂದು ವಾಕ್ಯ ಬರೆಸುತ್ತಾರೆ. ನೂರರಿಂದ ಹತ್ತತ್ತು ಕಳೆದು ಎಣಿಸಲು ಹೇಳುತ್ತಾರೆ. ಆ ವಾಕ್ಯ ಕನ್ನಡದಲ್ಲೇ ಇರಲಿ ಅಂತ ನೀವು ಕೇಳಿ. ನಿಮ್ಮ ಅಮ್ಮನ ಅಕ್ಷರ ಹೇಗಿರುತ್ತದೆ ಅಂತ ನಮಗಿಂತ ನಿಮಗೆ ಚೆನ್ನಾಗಿ ಗೊತ್ತು. ನಿನ್ನೆ ನೆಟ್ಟಗಿದ್ದ ಸಾಲು ಇವತ್ತು ಗೀಚಿದ ಹಾಗೆ ಕಂಡರೆ ಬೆಳಗಿನ ರೌಂಡ್ಸ್‌ಗೆ ಕಾಯಬೇಡಿ. ರಾತ್ರಿ ಎರಡು ಗಂಟೆಯಾದರೂ ಸರಿ, ಎದ್ದು ಹೋಗಿ ಸಿಸ್ಟರನ್ನು ಕರೆಯಿರಿ.